ಬೆಳ್ಳಿ ಪಟ್ಟಿಯ ವರ್ಷ

ಹಲ್ಲಿನ ಡಾಕ್ಟರು ನಮ್ಮ ಮನೆಗೆ ಬಂದರೆ ಕುರ್ಚಿ ಎಲ್ಲಿದೆ ಎಂದು ನೋಡುವುದಿಲ್ಲ, ನೇರ ಕಪಾಟಿನ ಮುಂದೆ ಹೋಗಿ ನಿಲ್ಲುತ್ತಾರೆ. ತಂಬಾಕು ಸೇದುವ ಹಳೆಯ ಪೈಪು ಕೂಡಿಡುವ ಹುಚ್ಚು ಹಿಡಿದವರು ಈ ಊರಿನಲ್ಲಿ ನಾವು ಏಳು ಜನ. ನಮ್ಮಲ್ಲಿ ಡಾಕ್ಟರು ಎಲ್ಲರಿಗಿಂತ ಹಿರಿಯರು, ಬಾಯಿ ಮಾತ್ರ ಎಲ್ಲರಿಗಿಂತ ಒರಟು. ಪೈಪಿನ ತುದಿಯಲ್ಲಿರುವ ಹಲ್ಲಿನ ಗುರುತು ನೋಡಿ, ಇದನ್ನು ಸೇದಿದವನಿಗೆ ಎಡಗಡೆ ಎರಡು ಹಲ್ಲಿರಲಿಲ್ಲ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಸೇದಿದವನು ಎದ್ದು ಬಂದು ಬಾಯಿ ತೆರೆದು ತೋರಿಸುವುದಿಲ್ಲವಾದ್ದರಿಂದ ಅವರ ಮಾತು ಇದುವರೆಗೆ ಒಮ್ಮೆಯೂ ಸುಳ್ಳಾಗಿಲ್ಲ.

ಕಳೆದ ತಿಂಗಳು ಒಂದು ಶನಿವಾರ ಮಧ್ಯಾಹ್ನ ಬಂದವರು ಮೊಣಕಾಲೂರಿ ಕೂತು ಕಪಾಟಿನ ಕೆಳಗಿನ ಖಾನೆಗೆ ಕೈ ಹಾಕಿದರು. ಆ ಖಾನೆಗೆ ಯಾರೂ ಕೈ ಹಾಕುವುದಿಲ್ಲ. ನಾನೂ ಹಾಕುವುದಿಲ್ಲ.

"ಇದ್ಯಾಕೆ ಹೀಗೆ ಮೂಲೇಲಿ ಕೂತಿದೆ?"

"ಅದು ಅಷ್ಟೇನೂ ಹಳೇದಲ್ಲ ಬಿಡಿ," ಅಂದೆ.

ಅವರು ಬಿಡಲಿಲ್ಲ. ನನ್ನ ಒಂದೊಂದು ಪೈಪಿಗೂ ಒಂದೊಂದು ಕಾರ್ಡು ಇದೆ. ಇದರ ಕಾರ್ಡನ್ನು ಕನ್ನಡಕ ಮೇಲೆತ್ತಿ ಗಟ್ಟಿಯಾಗಿ ಓದಿದರು. ಬೆಳ್ಳಿ ಪಟ್ಟಿಯ ಅಕ್ಷರದಿಂದ ವರ್ಷ ಖಚಿತ. ಮೌತ್‌ಪೀಸು ಅದೇ ಕಾಲದ್ದು. ಮುದ್ರೆ ಅರೆಬರೆ ಬಿದ್ದಿದೆ. ಮೊದಲ ಮಾಲೀಕರು ಗೊತ್ತಿಲ್ಲ.

"ಈ ಕಾರ್ಡು ಬರೆದ ದಡ್ಡ ಯಾರು?"

"ನಾನೇ."

"ಅಕ್ಷರ ನೋಡಿದ್ರೆ ಗೊತ್ತಾಗುತ್ತೆ. ಆದ್ರೂ ಒಂದ್ಸಲ ಕೇಳೋಣ ಅಂತ." ಪೈಪನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಉಗುರಿನಿಂದ ತೋರಿಸಿದರು. "ಮುದ್ರೆ ಅರೆಬರೆ ಬಿದ್ದಿಲ್ಲ ಕಣ್ರೀ, ಪಟ್ಟಿ ಕೆಳಗೆ ನುಗ್ಗಿದೆ. ಪಟ್ಟಿ ಮೇಲಿರೋ ಗುರುತು ಪೈಪಿನ ಕಂಪನೀದಲ್ಲ, ಯಾರೋ ಬೆಳ್ಳಿ ಕೆಲಸದವನದು. ಇದು ರಿಪೇರಿ ಪಟ್ಟಿ. ಹೋದ ವರ್ಷ ಹೊಸಬರನ್ನ ಕೂರಿಸ್ಕೊಂಡು ಈ ಪಾಠ ಹೇಳಿಕೊಟ್ಟಿದ್ದು ನೀವೇ ಅಲ್ವಾ?"

ಹೌದು, ನಾನೇ. ಡಾಕ್ಟರು ಅದನ್ನು ಮತ್ತೆ ಖಾನೆಯಲ್ಲಿಟ್ಟು ಬೇರೆ ಪೈಪಿನ ಮಾತೆತ್ತಿದರು. ನಾನು ಹೂಂ ಹೂಂ ಎನ್ನುತ್ತಾ ಕೂತೆ. ಅವರು ಏನು ಹೇಳಿದರು, ಯಾವಾಗ ಎದ್ದು ಹೋದರು, ಒಂದೂ ತಲೆಗೆ ಹೋಗಲಿಲ್ಲ.

ಪೈಪಿನ ವಯಸ್ಸು ಹೇಳುವುದು ಹೇಗೆಂದು ಇಲ್ಲಿ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಎಂಥ ತಪ್ಪೆಂದು ತಿಳಿಯುವುದಿಲ್ಲ. ಒಳ್ಳೆಯ ಪೈಪನ್ನು ಬ್ರಯರ್ ಎಂಬ ಪೊದೆಯ ಬೇರುಗಂಟಿನಿಂದ ಕೆತ್ತುತ್ತಾರೆ. ಬೆಂಕಿಗೆ ಸುಲಭವಾಗಿ ಜಗ್ಗದ ಗಂಟು ಅದು. ತಂಬಾಕು ತುಂಬುವ ಬಟ್ಟಲು, ಅದರಿಂದ ಹೊರಟ ಕತ್ತು, ಕತ್ತಿಗೆ ಸಿಕ್ಕಿಸಿದ ಗಟ್ಟಿ ರಬ್ಬರಿನ ಮೌತ್‌ಪೀಸು, ಇಷ್ಟೇ ಅದರ ಮೈ. ಮರ ತನ್ನ ವಯಸ್ಸನ್ನು ತಾನಾಗಿ ಹೇಳುವುದಿಲ್ಲ. ಐದು ವರ್ಷ ಒಂದೇ ಸಮನೆ ಸೇದಿದ್ದೂ ಐವತ್ತು ವರ್ಷದ್ದೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ರಬ್ಬರು ಸ್ವಲ್ಪ ಬಾಯಿಬಿಡುತ್ತದೆ: ಹಳೆಯದಾದಂತೆ ಅದರ ಕಪ್ಪು ಮಾಸಿ ಹಸಿರು ಬೆರೆತ ಕಂದಾಗುತ್ತದೆ. ಕತ್ತಿನ ಮೇಲೆ ಕಂಪನಿ ಒತ್ತಿದ ಮುದ್ರೆ ಇನ್ನೂ ಹೆಚ್ಚು ಹೇಳುತ್ತದೆ, ಏಕೆಂದರೆ ಕೆಲವು ವರ್ಷಕ್ಕೊಮ್ಮೆ ಅಕ್ಷರದ ರೂಪ ಬದಲಾಯಿಸುವುದು ಕಂಪನಿಗಳ ಚಟ. ಇನ್ನು ಬೆಳ್ಳಿ ಪಟ್ಟಿ ಇದ್ದರಂತೂ ಕೆಲಸ ಸಲೀಸು. ಬೆಳ್ಳಿ ಅಸಲಿಯೋ ಅಲ್ಲವೋ ನೋಡುವ ಕಚೇರಿಯವರು ಆಯಾ ವರ್ಷಕ್ಕೆ ಒಂದೊಂದು ಅಕ್ಷರ ಒತ್ತಿ ಕೊಟ್ಟಿರುತ್ತಾರೆ, ಪುಸ್ತಕ ತೆರೆದು ತಾಳೆ ನೋಡಿದರೆ ಮುಗಿಯಿತು.

ಆದರೆ ಆ ಅಕ್ಷರ ಹೇಳುವುದು ಬೆಳ್ಳಿಯ ವರ್ಷವನ್ನು. ಕತ್ತು ಸೀಳಿದ ಪೈಪಿಗೆ ಬೆಳ್ಳಿ ಕೆಲಸದವರು ಪಟ್ಟಿ ಬಿಗಿದು ಕೊಡುವುದುಂಟು. ಆಗ ಮರ ಅಜ್ಜನದು, ಪಟ್ಟಿ ಮೊಮ್ಮಗನ ಕಾಲದ್ದು ಆಗಿರಬಹುದು. ಪಟ್ಟಿ ನೋಡಿದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ, ಇದು ಹುಟ್ಟಿನಿಂದ ಬಂದದ್ದೋ, ಆಮೇಲೆ ಹಾಕಿಸಿದ್ದೋ ಎಂಬುದು. ನಾನು ಆ ಪ್ರಶ್ನೆ ಕೇಳದೆ ವರ್ಷ ಹೇಳಿದ್ದು ಬದುಕಿನಲ್ಲಿ ಒಂದೇ ಒಂದು ಪೈಪಿಗೆ. ಅದು ನನ್ನ ಅಪ್ಪನ ಪೈಪು.

ಅಪ್ಪ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ನಾನು ಹುಟ್ಟಿದ ವರ್ಷವೇ ಅವರಿಗೆ ಮೊಳೆ ಜೋಡಿಸುವ ಕೋಣೆಯ ಮೇಸ್ತ್ರಿ ಪಟ್ಟ ಸಿಕ್ಕಿತು, ಆಗ ಜೊತೆಗಾರರೆಲ್ಲ ಸೇರಿ ಆ ಪೈಪನ್ನು ಕೊಟ್ಟಿದ್ದರಂತೆ. ಅಮ್ಮನಿಗೆ ಹೊಗೆ ಆಗದು. ಹಾಗಾಗಿ ಅದು ಪ್ರೆಸ್ಸಿನಲ್ಲಿ ಹೊಗೆ ಬಿಡುತ್ತಿತ್ತು, ಮನೆಗೆ ಬಂದಾಗ ಕೋಟಿನ ಒಳಜೇಬಿನಲ್ಲಿ ತೆಪ್ಪಗಿರುತ್ತಿತ್ತು. ನನಗೆ ಅದರ ವಾಸನೆ ನೆನಪಿದೆಯೇ ಹೊರತು ರೂಪ ಅಷ್ಟಾಗಿ ನೆನಪಿಲ್ಲ. ನಮಗೆ ಚೆನ್ನಾಗಿ ನೆನಪಿದ್ದದ್ದು ಅಪ್ಪನ ಗುರುತು. ಪ್ರೆಸ್ಸಿನಲ್ಲಿ ಒಬ್ಬರ ಸಾಮಾನು ಇನ್ನೊಬ್ಬರ ಪಾಲಾಗುವುದು ಸಾಮಾನ್ಯವಾದ್ದರಿಂದ ಅಪ್ಪ ತಮ್ಮ ಪ್ರತಿಯೊಂದು ವಸ್ತುವಿನ ಮೇಲೂ ಮೊಳೆಯ ತುದಿಯಿಂದ ಮೂರು ಚುಕ್ಕೆ ಒತ್ತುತ್ತಿದ್ದರು. ಕೊಡೆಯ ಹಿಡಿ, ಊಟದ ಡಬ್ಬಿಯ ಮುಚ್ಚಳ, ಕನ್ನಡಕದ ಪೆಟ್ಟಿಗೆ, ಎಲ್ಲದರ ಮೇಲೂ ಮೂರು ಚುಕ್ಕೆ. ಮಕ್ಕಳಾದ ನಮ್ಮಿಬ್ಬರ ಬೆನ್ನ ಮೇಲೆ ಒತ್ತುವುದೊಂದು ಬಾಕಿ ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು.

ನಮ್ಮಿಬ್ಬರಲ್ಲಿ ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಮನೆಯಲ್ಲಿ ಅವನ ಅಡ್ಡಹೆಸರು ಜಾರುಗೈ. ಲೋಟ, ತಟ್ಟೆ, ಗಡಿಯಾರ, ಒಮ್ಮೆ ಪಕ್ಕದ ಮನೆಯ ಕೂಸನ್ನು ಕೂಡ ಅವನು ಕೈಜಾರಿಸಿದ್ದ. ಕೂಸಿಗೆ ಏನೂ ಆಗಲಿಲ್ಲ. ಇಂಥವನನ್ನು ಅಪ್ಪ ತಮ್ಮ ಪ್ರೆಸ್ಸಿಗೇ ಕೆಲಸಕ್ಕೆ ಸೇರಿಸಿದರು. ಅಣ್ಣನಿಗೆ ಇಪ್ಪತ್ತಾರಾಗಿದ್ದಾಗ ಒಂದು ದಿನ, ನಾಲ್ಕು ಜನ ಎರಡು ವಾರ ಕೂತು ಜೋಡಿಸಿದ್ದ ಎಂಟು ಪುಟದ ಅಚ್ಚುಮೊಳೆಯನ್ನು ಚೌಕಟ್ಟಿನ ಸಮೇತ ಎತ್ತಿಕೊಂಡು ಹೋಗುವಾಗ ಕೈ ಸೋತಿತು. ಎಂಟು ಪುಟದ ಅಕ್ಷರಗಳೂ ನೆಲದ ಮೇಲೆ ಚೆಲ್ಲಾಪಿಲ್ಲಿ. ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯಲಿಲ್ಲ, ಪ್ರೆಸ್ಸಿನ ಯಜಮಾನರು ಎಲ್ಲರ ಎದುರಿಗೆ ಅಪ್ಪನ ಮರ್ಯಾದೆ ತೆಗೆದರು, ಮೇಸ್ತ್ರಿ ಪಟ್ಟ ಬೇರೆಯವರಿಗೆ ಹೋಯಿತು. ಅಪ್ಪ ಕೂಗಾಡಲಿಲ್ಲ. ಅಣ್ಣನ ಜೊತೆ ಮಾತು ಬಿಟ್ಟರು. ಅಣ್ಣ ಮೂರು ಗಂಟೆ ದಾರಿಯ ಇನ್ನೊಂದು ಊರಿಗೆ ಹೋಗಿ ಶಾಲೆಯ ಬಸ್ಸು ಓಡಿಸುವ ಕೆಲಸ ಹಿಡಿದ. ಹಬ್ಬ ಹುಣ್ಣಿಮೆ ಎಂದು ಬಂದರೂ ಅಪ್ಪ ಪೇಪರಿನ ಹಿಂದೆ ಕೂತುಬಿಡುತ್ತಿದ್ದರು. ಹೀಗೆ ಹದಿನಾಲ್ಕು ವರ್ಷ.

ಇಬ್ಬರ ನಡುವೆ ಅಮ್ಮ ಸವೆದುಹೋದಳು. ಅವಳಿಗೆ ಇದ್ದದ್ದು ಒಂದೇ ಆಸೆ. ಅಪ್ಪ ಕಣ್ಣು ಮುಚ್ಚುವುದರೊಳಗೆ ದೊಡ್ಡವನನ್ನು ಒಮ್ಮೆ ಹತ್ತಿರ ಕರೆದು ಮಾತಾಡಿಸಬೇಕು.

ಅಪ್ಪನ ಕೊನೆಯ ಮೂರು ವಾರ ಆಸ್ಪತ್ರೆಯಲ್ಲಿ ಕಳೆಯಿತು. ಹಗಲೆಲ್ಲ ನಾನೇ ಜೊತೆಗಿದ್ದೆ. ತಿನ್ನಿಸಿದ್ದು, ಮೈ ಒರೆಸಿದ್ದು, ಬೈಸಿಕೊಂಡದ್ದು ಎಲ್ಲ ನಾನೇ. ಒಂದು ದಿನ ಔಷಧಿ ತರಲು ಹೋಗಿ ಮುಕ್ಕಾಲು ಗಂಟೆ ತಡವಾಗಿ ಬಂದೆ. ಆ ಹೊತ್ತಿನಲ್ಲೇ ಅಣ್ಣ ಬಂದು ಹೋಗಿದ್ದನಂತೆ. ಅದಾದ ನಾಲ್ಕನೆಯ ದಿನ ಅಪ್ಪ ಹೋದರು. ಮನೆಗೆ ಬಂದ ಕೋಟಿನ ಒಳಜೇಬು ಖಾಲಿ ಇತ್ತು. ಆಸ್ಪತ್ರೆಯಲ್ಲಿ ಯಾರೋ ಎತ್ತಿರಬೇಕು ಎಂದೆ. ಅಣ್ಣ ಅಮ್ಮನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ, "ಅಪ್ಪ ನನಗೆ ಕೊಟ್ರು ಅಮ್ಮ. ಹತ್ರ ಕೂರಿಸ್ಕೊಂಡು ಮಾತಾಡಿ ಕೊಟ್ರು."

ಆವತ್ತಿನಿಂದ ಒಂದೂವರೆ ವರ್ಷ ಅಮ್ಮ ಬೇರೆಯೇ ಹೆಂಗಸಾಗಿದ್ದಳು. ಗಂಡ ಸತ್ತ ದುಃಖದ ಮೇಲೆ ಒಂದು ನೆಮ್ಮದಿ ಬಂದು ಕೂತಿತ್ತು. ಹಾಲಿನವಳು ಬರಲಿ, ಕರೆಂಟು ಬಿಲ್ಲಿನವನು ಬರಲಿ, ಅವಳದು ಒಂದೇ ಕತೆ. "ಕೊನೆಗೆ ನಮ್ಮನೆಯವರು ದೊಡ್ಡೋನನ್ನ ಕರೆದು ಪೈಪು ಕೊಟ್ರು, ಗೊತ್ತಾ?" ಕೇಳಿದವರಿಗೆ ತಲೆಬುಡ ತಿಳಿಯದಿದ್ದರೂ ಒಳ್ಳೆಯದಾಯಿತು ಎನ್ನುತ್ತಿದ್ದರು.

ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಹದಿನಾಲ್ಕು ವರ್ಷ ಜೊತೆಗಿದ್ದವನು ನಾನು, ಮುಕ್ಕಾಲು ಗಂಟೆ ಬಂದು ಹೋದವನಿಗೆ ಪೈಪು. ನಾನು ಹಳೆಯ ಪೈಪು ಕೊಳ್ಳಲು ಶುರುಮಾಡಿದ್ದು ಆಗಲೇ. ನನ್ನ ಸಂಗ್ರಹದ ಬಗ್ಗೆ ಕೇಳಿದವರಿಗೆ ಮರದ ಎಳೆ, ಕೆತ್ತನೆಯ ಕುಸುರಿ ಎಂದು ಏನೇನೋ ಹೇಳುತ್ತೇನೆ. ನಿಜ ಏನೆಂದರೆ, ಅವನಿಗೆ ಒಂದು ಸಿಕ್ಕಿತು, ನಾನು ನೂರು ಮಾಡುತ್ತೇನೆ ಎಂಬ ಹಟ. ನನ್ನ ಕೆಲಸವೂ ಅದಕ್ಕೆ ಒಗ್ಗಿತು. ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ತಾಳೆ ನೋಡುವವನು ನಾನು. ದಿನಕ್ಕೆ ಮುನ್ನೂರು ಸಹಿಗಳನ್ನು ಅನುಮಾನದಿಂದ ನೋಡುವುದಕ್ಕೇ ನನಗೆ ಸಂಬಳ.

"ಆ ಪೈಪು ಒಂದ್ಸಲ ತಗೊಂಡು ಬಾರೋ, ಮುಟ್ಟಿ ನೋಡ್ಬೇಕು," ಎಂದು ಅಮ್ಮ ಅಣ್ಣನಿಗೆ ಪ್ರತಿ ಸಲ ಹೇಳುತ್ತಿದ್ದಳು. ಅವನು ಮರೆತೆ ಎನ್ನುತ್ತಿದ್ದ, ಇನ್ನೊಂದು ಸಲ ಎನ್ನುತ್ತಿದ್ದ. ಕೊನೆಗೊಂದು ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಕರವಸ್ತ್ರ ಬಿಡಿಸಿ ಇಟ್ಟ. ಕತ್ತಿನ ಸುತ್ತ ಬೆಳ್ಳಿ ಪಟ್ಟಿ ಹೊಳೆಯುತ್ತಿತ್ತು. ಅಮ್ಮ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಎತ್ತಿಕೊಂಡಳು. ಮೇಲೆ ಕೆಳಗೆ ತಿರುಗಿಸಿ ಹುಡುಕಿದಳು.

"ಮೂರು ಚುಕ್ಕೆ ಎಲ್ಲೋ?"

ಅಣ್ಣ ಕರವಸ್ತ್ರದ ಅಂಚು ನೇರ ಮಾಡಿದ. ಅಮ್ಮ ಪೈಪನ್ನು ನನ್ನ ಕೈಗೆ ಕೊಟ್ಟಳು. "ನೋಡಪ್ಪ, ನಿನಗೆ ಇವೆಲ್ಲ ಗೊತ್ತಲ್ಲ. ಇದು ಅವರದೇ ತಾನೆ?"

ನಾನು ಒಳಗೆ ಹೋಗಿ ಭೂತಗನ್ನಡಿ ತಂದೆ, ಅಕ್ಷರಗಳ ಪುಸ್ತಕ ತಂದೆ. ಕೊಂಡು ವಾರವಾಗಿತ್ತು, ಇನ್ನೂ ಹೊಸ ಹಾಳೆಯ ವಾಸನೆ. ಬೆಳ್ಳಿಯ ಮೇಲಿನ ಅಕ್ಷರ ಸ್ಪಷ್ಟವಾಗಿತ್ತು. ಪುಸ್ತಕದಲ್ಲಿ ಬೆರಳಿಟ್ಟು ನೋಡಿದೆ. ಅಪ್ಪ ಸತ್ತ ಮರುವರ್ಷದ ಅಕ್ಷರ. ಮೌತ್‌ಪೀಸು ನೋಡಿದೆ, ಕಡುಕಪ್ಪು, ಕಂದಿನ ಸುಳಿವೇ ಇಲ್ಲ. ಚುಕ್ಕೆ ಇಲ್ಲವೆಂದು ಅಮ್ಮನೇ ಹೇಳಿದ್ದಳು. ಮುದ್ರೆಯ ಕೊನೆಯ ಅಕ್ಷರಗಳು ಕಾಣಲಿಲ್ಲ, ಸರಿಯಾಗಿ ಒತ್ತಿಲ್ಲ ಎಂದುಕೊಂಡೆ. ಮರ ಹಳೆಯದರ ಹಾಗೆ ಕಪ್ಪಾಗಿತ್ತು ನಿಜ, ಅಣ್ಣ ಸೇದಿ ಸೇದಿ ಕಪ್ಪು ಮಾಡಿದ್ದಾನೆ ಎಂದುಕೊಂಡೆ. ಮೂರು ಸಾಕ್ಷಿ ಸಿಕ್ಕಿದವನಿಗೆ ನಾಲ್ಕನೆಯದು ಯಾಕೆ ಬೇಕು?

"ಇದು ಅಪ್ಪ ಹೋದ ಮೇಲೆ ತಯಾರಾದ ಪೈಪು," ಅಂದೆ. "ಅಪ್ಪ ಕೊಡೋಕೆ ಸಾಧ್ಯಾನೇ ಇಲ್ಲ."

ಆ ಕ್ಷಣ ನನಗೆ ಖುಷಿಯಾಗಿತ್ತು. ಕಳ್ಳ ಸಹಿ ಸಿಕ್ಕಿದಾಗ ಆಗುವಂಥದ್ದೇ ಖುಷಿ. ಅಣ್ಣ ಬಾಯಿ ತೆರೆದ, ತನ್ನ ಎರಡು ಕೈಗಳನ್ನು ನೋಡಿಕೊಂಡ, ಬಾಯಿ ಮುಚ್ಚಿದ. ಆಮೇಲೆ, "ನೀನು ಪುಸ್ತಕ ಓದಿದ್ದೀಯ, ನಿನಗೆ ಗೊತ್ತಿರುತ್ತೆ," ಎಂದು ಎದ್ದ. ಪೈಪನ್ನು ಅಲ್ಲೇ ಬಿಟ್ಟು ಹೋದ.

ಅಮ್ಮ ಅಳಲಿಲ್ಲ. ಪೈಪನ್ನು ಕರವಸ್ತ್ರದಲ್ಲಿ ಸುತ್ತಿ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟಳು. "ಹೋಗ್ಲಿ ಬಿಡು. ನನ್ನ ಸಮಾಧಾನಕ್ಕೆ ಹಾಗೆ ಹೇಳಿರ್ತಾನೆ. ಒಳ್ಳೆ ಮನಸ್ಸಿನ ಹುಡುಗ," ಅಂದಳು. ಅಣ್ಣನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವಳು ಕಳೆದುಕೊಂಡದ್ದು ಅಪ್ಪನನ್ನು. ಹದಿನಾಲ್ಕು ವರ್ಷದ ಹಟ ಬಿಡದೆ ಸತ್ತ ಗಂಡ ಅವಳ ಪಾಲಿಗೆ ಉಳಿದ. ಹಾಲಿನವಳಿಗೆ ಆ ಕತೆಯನ್ನು ಅವಳು ಮತ್ತೆ ಹೇಳಲಿಲ್ಲ. ಅಪ್ಪನ ಫೋಟೋ ಒರೆಸುವಾಗ ಮೊದಲು ಅದರ ಜೊತೆ ಏನಾದರೂ ಮಾತಾಡುತ್ತಿದ್ದಳು, ಆಮೇಲೆ ಸುಮ್ಮನೆ ಒರೆಸಿ ಇಟ್ಟುಬಿಡುತ್ತಿದ್ದಳು. ಹಾಗೆ ಒಂಬತ್ತು ವರ್ಷ ಬದುಕಿದಳು.

ಇಷ್ಟೇ ಆಗಿದ್ದರೆ ಅರಿಯದೆ ಮಾಡಿದ ತಪ್ಪು ಎಂದು ನನ್ನನ್ನು ನಾನು ಹೇಗೋ ಸಂತೈಸಿಕೊಳ್ಳುತ್ತಿದ್ದೆ. ಆದರೆ ಅವಳು ಹೋಗುವುದಕ್ಕೆ ಎರಡು ವರ್ಷ ಮೊದಲು ಹರಾಜಿನಲ್ಲಿ ಒಂದು ಪೈಪು ಕೊಂಡೆ. ಅದರ ಪಟ್ಟಿ ಒಂದು ಕಾಲದ್ದು, ಮುದ್ರೆ ಇನ್ನೊಂದು ಕಾಲದ್ದು. ಪಟ್ಟಿ ಬಿಚ್ಚಿ ನೋಡಿದರೆ ಕೆಳಗೆ ಸೀಳು. ರಿಪೇರಿ ಪಟ್ಟಿಯ ವಿಷಯ ನನಗೆ ಅರ್ಥವಾದದ್ದು ಆವತ್ತು. ಪಟ್ಟಿ ಹಾಕುವವರು ಅಗತ್ಯ ಬಿದ್ದರೆ ಮೌತ್‌ಪೀಸನ್ನೂ ಹೊಸದು ಹಾಕುತ್ತಾರೆ ಎಂದೂ ತಿಳಿಯಿತು. ತಿಳಿದ ಮರುಗಳಿಗೆಯೇ ಹೊಲಿಗೆ ಮೆಷಿನ್ನಿನ ಡ್ರಾಯರು ನೆನಪಾಯಿತು. ನಡುಮಧ್ಯಾಹ್ನ, ಅಮ್ಮ ಪಕ್ಕದ ಕೋಣೆಯಲ್ಲಿ ಕಿತ್ತುಹೋದ ಗುಂಡಿ ಹಾಕುತ್ತಿದ್ದಳು. ಹತ್ತು ಹೆಜ್ಜೆ. ಅಮ್ಮಾ, ಆ ಪೈಪು ಒಂದು ಸಲ ಕೊಡು ಎನ್ನಬೇಕಿತ್ತು, ಅಷ್ಟೆ.

ಎದ್ದು ಹೋಗಲಿಲ್ಲ. ನಾಳೆ ನೋಡೋಣ ಎಂದುಕೊಂಡೆ. ನೋಡಿ ಅದು ಅಪ್ಪನದೇ ಎಂದಾಗಿಬಿಟ್ಟರೆ ಅವಳ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು ಎಂಬ ಹೆದರಿಕೆ. ನಾಳೆ ನಾಳೆ ಎಂದು ಎರಡು ವರ್ಷ ತಳ್ಳಿದೆ. ಅವಳು ಹೋದ ಮೇಲೆ ಪೈಪನ್ನು ತಂದು ಕೆಳಗಿನ ಖಾನೆಯಲ್ಲಿಟ್ಟು, ಗೊತ್ತಿದ್ದೂ ಗೊತ್ತಿದ್ದೂ ಆ ಸುಳ್ಳು ಕಾರ್ಡು ಬರೆದೆ. ಅದಾಗಿ ನಾಲ್ಕು ವರ್ಷ. ಡಾಕ್ಟರು ನನ್ನನ್ನು ದಡ್ಡ ಎಂದರು. ದಡ್ಡತನವಾಗಿದ್ದರೆ ಎಷ್ಟೋ ವಾಸಿಯಿತ್ತು.

ಡಾಕ್ಟರು ಹೋದ ಮರುದಿನ ಬೆಳಗ್ಗೆ ಪೈಪನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಪಟ್ಟಿಯನ್ನು ಅಂಟು ಹಾಕಿ ಕೂರಿಸಿರುತ್ತಾರೆ, ಹದವಾಗಿ ಬಿಸಿ ಮಾಡಿದರೆ ಬಿಡುತ್ತದೆ. ಎಷ್ಟೋ ಪೈಪಿಗೆ ಮಾಡಿದ ಕೆಲಸವೇ. ಆದರೆ ಆವತ್ತು ಹದ ಬರುವ ಮೊದಲೇ ಎಳೆದೆ. ಪಟ್ಟಿ ಜಾರಿ ಹೊರಬಂತು, ಅದರ ಜೊತೆಗೆ ಟಕ್ ಎಂದು ಒಂದು ಸಣ್ಣ ಸದ್ದಾಯಿತು. ಸೀಳು ಕತ್ತಿನ ಉದ್ದಕ್ಕೂ ಓಡಿ ಬಟ್ಟಲಿಗೆ ಮುಟ್ಟಿತು. ಪೈಪು ಎರಡು ಹೋಳಾಗಿ ನನ್ನ ಅಂಗೈಯಲ್ಲಿ ಕೂತಿತು.

ಒಂದು ಹೋಳಿನ ಮೇಲೆ ಮುದ್ರೆಯ ಉಳಿದ ಅಕ್ಷರಗಳು ಇದ್ದವು, ಬೆಳಕು ಕಾಣದೆ ಹೊಸದರ ಹಾಗೇ. ಆ ರೂಪದ ಮುದ್ರೆಯನ್ನು ಕಂಪನಿ ಬಳಸಿದ್ದು ಎಂಟು ವರ್ಷ ಮಾತ್ರ, ನಾನು ಹುಟ್ಟಿದ ವರ್ಷ ಆ ಎಂಟರ ನಡುವೆ ಬರುತ್ತದೆ. ಇನ್ನೊಂದು ಹೋಳಿನ ಮೇಲೆ ಮೂರು ಚುಕ್ಕೆ.

ಹೋಳುಗಳನ್ನು ಅದೇ ಕರವಸ್ತ್ರದಲ್ಲಿ ಸುತ್ತಿಕೊಂಡು, ಕಾರ್ಡನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಅಣ್ಣನ ಮನೆ ಎರಡನೆಯ ಮಹಡಿಯಲ್ಲಿ. ಅತ್ತಿಗೆ ಬಾಗಿಲು ತೆರೆದು, "ಏನು, ಹೇಳದೆ ಕೇಳದೆ ಬಂದ್ಬಿಟ್ರಿ?" ಎಂದು ನಕ್ಕರು. ನಾನು ಹಾಗೆ ಹೋಗುವವನಲ್ಲ. ಅಮ್ಮ ಹೋದ ಮೇಲೆ ನಾವು ಫೋನಿನಲ್ಲಿ ಆರೋಗ್ಯ ವಿಚಾರಿಸಿಕೊಳ್ಳುವ ಅಣ್ಣತಮ್ಮಂದಿರು. ಅತ್ತಿಗೆ ಟೀ ತಂದರು. ಅವರ ಮನೆಯಲ್ಲಿ ಗಾಜಿನದು, ಪಿಂಗಾಣಿಯದು ಒಂದೂ ಇಲ್ಲ, ಎಲ್ಲ ಸ್ಟೀಲು. ಅಣ್ಣ ಲೋಟವನ್ನು ಎರಡು ಕೈಯಿಂದ ಹಿಡಿದು ಕುಡಿಯುತ್ತಾನೆ.

ನಾನು ಮೇಜಿನ ಮೇಲೆ ಕರವಸ್ತ್ರ ಬಿಡಿಸಿದೆ. ಅವನು ಬಗ್ಗಿ ನೋಡಿದ.

"ಒಡೆದ್ಯಾ?"

"ಹೂಂ."

"ನೀನು?" ಅವನಿಗೆ ನಂಬಿಕೆ ಬರಲಿಲ್ಲ. ಹುಳ್ಳಗೆ ನಕ್ಕ. "ಅಂತೂ ನಮ್ಮನೇಲಿ ನನಗೊಬ್ಬ ಜೊತೆ ಸಿಕ್ಕಿದ."

"ಚುಕ್ಕೆ ಸಿಕ್ತು ಅಣ್ಣ. ಪಟ್ಟಿ ಕೆಳಗಿತ್ತು."

ಅವನ ನಗು ಹಾಗೇ ನಿಂತಿತು. ಬೆರಳಿನಿಂದ ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟಿದ. ಆಮೇಲೆ ತಾನಾಗಿಯೇ ಹೇಳತೊಡಗಿದ.

"ಅಪ್ಪ ಕೊಡೋವಾಗ ಒಂದು ಮಾತು ಹೇಳಿದ್ರು. ಇದನ್ನಾದ್ರೂ ಬೀಳಿಸ್ಬೇಡ ಕಣೋ ಅಂತ. ನಗ್ತಾ ಹೇಳಿದ್ರು. ಹದಿನಾಲ್ಕು ವರ್ಷ ಆದ್ಮೇಲೆ ಅವರು ನಗೋದು ನೋಡಿದ್ದು ಅವತ್ತು." ಟೀ ಲೋಟವನ್ನು ಸ್ವಲ್ಪ ಆಚೆ ಸರಿಸಿದ. "ಎರಡು ತಿಂಗಳು ಉಳೀತು. ಡಿಪೋ ಮೆಟ್ಟಿಲ ಮೇಲೆ ಬಿತ್ತು. ಕತ್ತು ಸೀಳ್ತು, ಬಾಯಿಗಿಡೋ ತುಂಡು ಮುರೀತು. ಬೆಳ್ಳಿ ಕೆಲಸದವನು ಪಟ್ಟಿ ಹಾಕಿ ಕೊಡೋಕೆ ವರ್ಷ ಮಾಡಿದ. ಆ ಕಡೆ ಅಮ್ಮ ತಾ ತಾ ಅಂತಿದ್ಳು."

"ಅವತ್ತು ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ ಅಣ್ಣ."

"ಏನಂತ ಹೇಳ್ಲಿ? ಅಪ್ಪ ಕೊಟ್ಟಿದ್ದನ್ನೂ ಬೀಳಿಸ್ದೆ ಅಂತ? ಅದೂ ನಿನ್ನ ಮುಂದೆ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಉಸಿರಾಡಲು ಸುಲಭವಾಗುತ್ತಿತ್ತು. "ಸುಳ್ಳ ಅನ್ನಿಸ್ಕೊಳ್ಳೋದೇ ಮೇಲು ಅನ್ನಿಸ್ತು."

"ತಪ್ಪು ನಂದು. ನಾನು ನೋಡ್ಬೇಕಿತ್ತು. ಗೊತ್ತಾದ ಮೇಲೂ ನೋಡ್ಲಿಲ್ಲ," ಅಂದೆ. ಕಣ್ಣು ಒದ್ದೆಯಾಯಿತು.

"ಥೂ, ಅಳ್ತೀಯಾ? ಬಿಡೋ," ಅಂದ ಅಣ್ಣ. "ನೀನು ಏನಂದ್ರೂ ನನಗೆ ಅಷ್ಟೇನೂ ಅನ್ನಿಸ್ಲಿಲ್ಲ. ನೀನು ಚಿಕ್ಕಂದಿನಿಂದ್ಲೂ ಹಾಗೇ. ಅಮ್ಮ ಇದ್ಳಲ್ಲ, ನನಗೆ ಅಷ್ಟು ಸಾಕಿತ್ತು. ಪುಸ್ತಕ ಏನಾದ್ರೂ ಹೇಳ್ಲಿ, ಅಮ್ಮ ನನ್ನ ಮಾತು ನಂಬಿರ್ತಾಳೆ ಅಂತ ನನಗೆ ಗೊತ್ತಿತ್ತು." ನನ್ನ ಮುಖ ನೋಡಿದ. "ನಂಬಿದ್ಳು ತಾನೆ?"

ಇಪ್ಪತ್ತೈದು ವರ್ಷದಿಂದ ಸುಳ್ಳು ಸಹಿ ಹಿಡಿಯುವವನು ನಾನು. ಪೈಪಿನ ವಿಷಯದಲ್ಲಿ ಒಂದು ವರ್ಷ ಆಚೀಚೆ ಹೇಳಿದವರ ಜೊತೆ ಜಗಳಕ್ಕೆ ನಿಂತವನು. ಅವನ ಮುಖ ನೋಡಿದರೆ ಹೊಲಿಗೆ ಮೆಷಿನ್ನಿನ ಡ್ರಾಯರು ಮುಚ್ಚಿದ ಸದ್ದು ಕೇಳಿದ ಹಾಗಾಯಿತು.

"ನಂಬಿದ್ಳು," ಅಂದೆ. "ಕೊನೇವರೆಗೂ ಬಂದೋರಿಗೆಲ್ಲ ಹೇಳ್ತಾನೇ ಇದ್ಳು. ಹಾಲಿನವಳಿಗಂತೂ ಬಾಯಿಪಾಠ ಆಗಿತ್ತು."

ಅಣ್ಣ ತಲೆಯಾಡಿಸಿದ. ಎರಡು ಹೋಳುಗಳನ್ನು ಜೋಡಿಸಿ ಹಿಡಿದು ನೋಡಿದ, ಗೀಟು ಕಾಣದಷ್ಟು ಚೆನ್ನಾಗಿ ಕೂತವು. ಅಂಟು ಹಾಕಿ ಪಟ್ಟಿ ಬಿಗಿಸಿದರೆ ಸರಿಹೋಗುತ್ತದೆ, ತಾನೇ ಮಾಡಿಸುತ್ತೇನೆ ಎಂದ. ಈ ಸಲ ಚುಕ್ಕೆ ಕಾಣುವ ಹಾಗೆ ಪಟ್ಟಿ ಸಣ್ಣದು ಹಾಕಿಸು ಎಂದೆ. ಆಗಲಿ ಎಂದ. ಊಟ ಮಾಡಿಕೊಂಡು ಹೋಗು ಎಂದು ಇಬ್ಬರೂ ಬಲವಂತ ಮಾಡಿದರು. ಊಟಕ್ಕೆ ಕೂತಾಗ ಅಣ್ಣ ಅಪ್ಪನ ಪ್ರೆಸ್ಸಿನ ಕತೆಗಳನ್ನು ಹೇಳಿದ, ನನಗೆ ಗೊತ್ತಿಲ್ಲದವು ಎಷ್ಟೋ ಇದ್ದವು.

ಹೊರಟಾಗ ಅತ್ತಿಗೆ ಕೆಳಗಿನ ಗೇಟಿನವರೆಗೆ ಬಂದರು. ಗೇಟಿನ ಹತ್ತಿರ ನಿಂತು, ಮೇಲೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಅತ್ತೆ ಹೋಗೋಕೆ ಮುಂಚೆ ನನ್ನ ಹತ್ರ ಹೇಳಿದ್ರು. ಪಾಪ, ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳಿದ, ಅವನನ್ನ ಯಾವತ್ತೂ ಬೈಬೇಡ, ಆದ್ರೆ ನಿಮ್ಮ ಮಾವ ಕೊನೆಗೂ ಅವನನ್ನ ಮಾತಾಡಿಸದೇ ಹೋಗ್ಬಿಟ್ರಲ್ಲ ಅಂತ ಅತ್ರು. ಇವರಿಗೆ ನಾನು ಹೇಳಿಲ್ಲ. ನೀವೂ ಹೇಳ್ಲಿಲ್ಲ, ಒಳ್ಳೇದಾಯ್ತು."

ಬರ್ತೀನಿ ಅತ್ತಿಗೆ ಎಂದೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಬೆಂಚಿನ ಮೇಲೆ ಕೂತು ಜೇಬಿನಿಂದ ಹಳೆಯ ಕಾರ್ಡನ್ನು ತೆಗೆದೆ. ಬರೆದಿದ್ದನ್ನೆಲ್ಲ ಹೊಡೆದುಹಾಕಿ ಅದರ ಹಿಂದೆ ಹೊಸದಾಗಿ ಬರೆದೆ. ಪಟ್ಟಿ ರಿಪೇರಿಯದು, ಮೌತ್‌ಪೀಸೂ ಆಗಲೇ ಹಾಕಿಸಿದ್ದು. ಮರ ನನ್ನ ವಯಸ್ಸಿನದು. ಮೊದಲ ಮಾಲೀಕರು ಅಪ್ಪ. ಕೊನೆಯ ದಿನಗಳಲ್ಲಿ, ಹತ್ತಿರ ಕೂರಿಸಿಕೊಂಡು, ತಾವೇ ಕೈಯಾರೆ ಅಣ್ಣನಿಗೆ ಕೊಟ್ಟರು. ಬರೆದು ಮುಗಿಸಿ ಎರಡು ಸಲ ಓದಿದೆ. ಒಂದು ತಪ್ಪೂ ಇರಲಿಲ್ಲ. ಅಮ್ಮ ಬದುಕಿದ್ದಾಗ ಅವಳ ಮುಂದೆ ಓದಬೇಕಾಗಿದ್ದ ಕಾರ್ಡು ಅದು. ಹತ್ತು ಹೆಜ್ಜೆ ದೂರದಲ್ಲಿ ಅವಳು ಗುಂಡಿ ಹಾಕುತ್ತಾ ಕೂತಿದ್ದಳು.